ಹಾಲು ಮಾರಿದ ದುಡ್ಡೂ ವಹಿವಾಟಿಗೆ ಸೇರುತ್ತಾ? ಜಿಎಸ್‌ಟಿ ನೋಂದಣಿ ಬಗ್ಗೆ ಅಂಗಡಿಯವರ ಪ್ರಶ್ನೆಗಳು

ತುಮಕೂರು ಅಂಗಡಿ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಮ್ಮದೊಂದು ಚಿಕ್ಕ ಅಂಗಡಿ ಇದೆ. ಬೆಳಿಗ್ಗೆ ನಂದಿನಿ ಹಾಲು, ಮೊಸರು. ಆಮೇಲೆ ರಾತ್ರಿಯವರೆಗೆ ಬಿಸ್ಕತ್ತು, ಚಿಪ್ಸ್, ಕೂಲ್ ಡ್ರಿಂಕ್ಸ್, ಸಿಗರೇಟು. ಅಪ್ಪ ಮತ್ತು ನಾನು ಇಬ್ಬರೇ ನೋಡಿಕೊಳ್ಳುತ್ತೇವೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯಿಂದ ಜಿಎಸ್‌ಟಿ ನೋಟಿಸ್ ಬಂದ ಗಲಾಟೆ ನಿಮಗೆಲ್ಲ ನೆನಪಿರಬಹುದು. ನಮಗೆ ಬರಲಿಲ್ಲ. ಆದರೆ ನಮ್ಮ ರಸ್ತೆಯ ಬೇಕರಿಯವರಿಗೆ ಬಂತು. ಅದನ್ನು ನೋಡಿ ಅಪ್ಪ ಅವತ್ತೇ ಕ್ಯೂಆರ್ ಸ್ಟಿಕರ್ ಕಿತ್ತುಹಾಕಿದರು. ಇವತ್ತಿಗೂ ಹಾಕಿಲ್ಲ. ಹತ್ತು ಜನ ಬಂದರೆ ಮೂರು ಜನ "ಫೋನ್‌ಪೇ ಇಲ್ವಾ?" ಅಂತ ಕೇಳಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಹಾಲು ತಗೊಳ್ಳೋರಿಗೆ ಚಿಲ್ಲರೆ ಕೊಟ್ಟು ಕೊಟ್ಟು ಸಾಕಾಗಿದೆ.

ಈಗ ಪ್ರಶ್ನೆ. ವರ್ಷದ ಒಟ್ಟು ಮಾರಾಟ ಸುಮಾರು 58 ಲಕ್ಷ. ಅದರಲ್ಲಿ ಹಾಲೇ 30 ಲಕ್ಷ. ಮೊಸರು, ಮಜ್ಜಿಗೆ, ತುಪ್ಪ ಸೇರಿ 8 ಲಕ್ಷ. ಉಳಿದದ್ದು 20 ಲಕ್ಷ. ಹಾಲಿಗೆ ಜಿಎಸ್‌ಟಿ ಇಲ್ಲ ತಾನೇ? ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು ಅಂತಾರಲ್ಲ, ಹಾಲು ಬಿಟ್ಟರೆ ನಾವು ಅದರ ಒಳಗೇ ಇದ್ದೇವೆ ಅನ್ನೋದು ಅಪ್ಪನ ವಾದ. ಇದು ಸರೀನಾ? ಹಳೆ ಬಾಕಿ ವಸೂಲಿ ಮಾಡಲ್ಲ ಅಂತ ಸರ್ಕಾರವೇ ಹೇಳಿದ ಮೇಲೆ ಈಗ ನಾವಾಗಿ ಹೋಗಿ ನೋಂದಣಿ ಮಾಡಿಸಬೇಕಾ? ತಿಳಿದವರು ದಯವಿಟ್ಟು ಹೇಳಿ.

ಬೇಕರಿ ರಾಜಾಜಿನಗರ

ನಮಗೂ ನೋಟಿಸ್ ಬಂದಿತ್ತು ತಮ್ಮ. ನಾವು ಮೂಲ ಹಾಸನದ ಕಡೆಯವರು, ಬೆಂಗಳೂರಿಗೆ ಬಂದು ಬೇಕರಿ ಹಾಕಿದವರು. ಆ ನೋಟಿಸ್ ಓದಿದಾಗ ಕೈಕಾಲೇ ಆಡಲಿಲ್ಲ. ಅದು ಬರೀ ವಿವರಣೆ ಕೇಳುವ ಪತ್ರ, ಕೊನೆಯ ಆದೇಶ ಅಲ್ಲ ಅಂತ ಗೊತ್ತಾಗೋಕೆ ನಾಲ್ಕು ಜನರನ್ನು ಕೇಳಬೇಕಾಯಿತು. ಆ ವಾರ ಹಾಲು ನಿಲ್ಲಿಸಿ ಬರೀ ಕಪ್ಪು ಟೀ, ಕಪ್ಪು ಕಾಫಿ ಕೊಟ್ಟು ಪ್ರತಿಭಟನೆ ಮಾಡಿದೆವು. ಜುಲೈ 25ಕ್ಕೆ ಬಂದ್ ಅಂತಲೂ ಇತ್ತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು ಮಾತಾಡಿದ ಮೇಲೆ ಅದನ್ನು ಕೈಬಿಟ್ಟರು.

ಆ ಸಭೆಯಲ್ಲಿ ಆದ ಮಾತಿನಲ್ಲಿ ಎರಡು ಭಾಗ ಇತ್ತು. ಹಳೆ ಬಾಕಿ ವಸೂಲಿ ಮಾಡಲ್ಲ ಅನ್ನೋದು ಒಂದು. ಮುಂದಕ್ಕೆ ನೋಂದಣಿ ಮಾಡಿಸಿಕೊಳ್ಳಲೇಬೇಕು ಅನ್ನೋದು ಇನ್ನೊಂದು. ನಮ್ಮ ಜನ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಿದ್ದಾರೆ.

ಲೆಕ್ಕದ ಮೇಷ್ಟ್ರು, ದಾವಣಗೆರೆ

ತುಮಕೂರಿನವರೇ, ನಿಮ್ಮ ಅಪ್ಪನಂತೆ ಯೋಚಿಸುವ ನೂರಾರು ಅಂಗಡಿಯವರಿದ್ದಾರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹಾಲಿಗೆ ತೆರಿಗೆ ಇಲ್ಲ, ನಿಜ. ಆದರೆ 40 ಲಕ್ಷದ ಗೆರೆ ದಾಟಿದ್ದೀರಾ ಅಂತ ನೋಡುವಾಗ ತೆರಿಗೆ ಇಲ್ಲದ ಮಾಲಿನ ಮಾರಾಟವೂ ಸೇರುತ್ತದೆ. ಕಾಯ್ದೆಯಲ್ಲಿ 'ಒಟ್ಟು ವಹಿವಾಟು' ಅಂದರೆ ತೆರಿಗೆ ಇರುವುದು, ಇಲ್ಲದ್ದು ಎರಡೂ. ಅದೂ ಒಂದೇ ಪ್ಯಾನ್ ಮೇಲೆ ದೇಶದಲ್ಲಿ ಎಲ್ಲೆಲ್ಲಿ ವ್ಯಾಪಾರ ಇದೆಯೋ ಎಲ್ಲ ಸೇರಿಸಿ. ಹಾಗಾಗಿ ನಿಮ್ಮ ಲೆಕ್ಕ 58 ಲಕ್ಷವೇ. ನೋಂದಣಿ ಕಡ್ಡಾಯ.

ಇಷ್ಟೆಲ್ಲ ಇಲ್ಲದೆ ಹೊರಗಿರಲು ಒಂದೇ ದಾರಿ ಇದೆ. ನೀವು ಮಾರುವ *ಎಲ್ಲ* ಮಾಲೂ ತೆರಿಗೆ ಇಲ್ಲದ್ದೇ ಆಗಿರಬೇಕು. ಆಗ ಎಷ್ಟೇ ಕೋಟಿ ವಹಿವಾಟಿದ್ದರೂ ನೋಂದಣಿ ಬೇಡ. ಬರೀ ಪ್ಯಾಕೆಟ್ ಹಾಲು ಮಾರಿದರೆ ಸರಿ. ಪಕ್ಕದಲ್ಲಿ ಪ್ಯಾಕೆಟ್ ಮೊಸರು ಇಟ್ಟರೆ? ಅದಕ್ಕೆ 2022ರ ಜುಲೈ 18ರಿಂದ 5% ತೆರಿಗೆ ಇದೆ. ಲೇಬಲ್ ಹಾಕಿದ ಪ್ಯಾಕೆಟ್ ಮೊಸರು, ಮಜ್ಜಿಗೆ, ಲಸ್ಸಿ ಎಲ್ಲ ಅವತ್ತಿನಿಂದ ತೆರಿಗೆಗೆ ಬಂದವು. ಒಂದೇ ಟ್ರೇನಲ್ಲಿ ಅಕ್ಕಪಕ್ಕ ಇರುವ ಎರಡು ಪ್ಯಾಕೆಟ್. ಒಂದಕ್ಕೆ ತೆರಿಗೆ ಇಲ್ಲ, ಇನ್ನೊಂದಕ್ಕೆ ಇದೆ. ಹಾಗಾಗಿ ಮಾಮೂಲಿ ಹಾಲಿನ ಅಂಗಡಿ ಯಾವುದೂ ಈ ವಿನಾಯಿತಿಗೆ ಸಿಗುವುದಿಲ್ಲ.

"ನಾವು ಏಜೆಂಟರು, ಕಮಿಷನ್ ಮಾತ್ರ ನಮ್ಮದು" ಅಂತಲೂ ಕೆಲವರು ಕೇಳುತ್ತಾರೆ. ಬೇರೆಯವರ ಪರವಾಗಿ ಮಾರಿದ್ದೂ ನಿಮ್ಮ ವಹಿವಾಟಿಗೆ ಸೇರುತ್ತದೆ ಅಂತ ಕಾಯ್ದೆಯ 22ನೇ ಸೆಕ್ಷನ್‌ನ ವಿವರಣೆಯಲ್ಲೇ ಬರೆದಿದ್ದಾರೆ.

ಸಂತೆ ರಾಣೆಬೆನ್ನೂರು

ಮೇಷ್ಟ್ರೇ, ನಮ್ಮ ಜಿಲ್ಲೆಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ನೋಟಿಸ್ ಬಂದದ್ದು ದೇಶಕ್ಕೆಲ್ಲ ಗೊತ್ತು. ಅವತ್ತಿಂದ ನಮ್ಮ ಸಂತೆಯಲ್ಲಿ ಅರ್ಧ ಜನ ಸ್ಕ್ಯಾನರ್ ಮುಚ್ಚಿಟ್ಟರು. ನಮ್ಮದು ತರಕಾರಿ, ಸೊಪ್ಪು ಅಷ್ಟೇ. ನಮಗೆ ಏನೂ ಇಲ್ಲ ಅಲ್ವಾ?

ಲೆಕ್ಕದ ಮೇಷ್ಟ್ರು, ದಾವಣಗೆರೆ

ತಾಜಾ ತರಕಾರಿ, ಸೊಪ್ಪು, ಹಣ್ಣು, ಹೂವು, ವೀಳ್ಯದೆಲೆ, ಮೊಟ್ಟೆ, ಎಳನೀರು, ಇದ್ಯಾವುದಕ್ಕೂ ತೆರಿಗೆ ಇಲ್ಲ. ಇವಷ್ಟನ್ನೇ ಮಾರುವವರು ಧೈರ್ಯವಾಗಿ ಸ್ಕ್ಯಾನರ್ ಇಡಿ. ನೋಟಿಸ್ ಬಂದರೂ "ನಾನು ಮಾರುವುದು ತೆರಿಗೆ ಇಲ್ಲದ ಮಾಲು" ಅಂತ ಎಪಿಎಂಸಿ ಖರೀದಿ ಚೀಟಿ ಸಮೇತ ಉತ್ತರ ಕೊಟ್ಟರೆ ಮುಗಿಯಿತು.

ಆದರೆ ಒಂದು ವಿಷಯ. ಹಸಿ ಮೆಣಸಿನಕಾಯಿಗೆ ತೆರಿಗೆ ಇಲ್ಲ. ಒಣ ಬ್ಯಾಡಗಿ ಮೆಣಸಿನಕಾಯಿಗೆ 5% ಇದೆ. ತರಕಾರಿ ಪಕ್ಕದಲ್ಲಿ ಒಂದು ಬುಟ್ಟಿ ಒಣಮೆಣಸಿನಕಾಯಿ ಇಟ್ಟರೂ 'ಬರೀ ತೆರಿಗೆ ಇಲ್ಲದ ಮಾಲು' ಅನ್ನುವ ಮಾತು ನಿಲ್ಲುವುದಿಲ್ಲ. ಆಗ ಒಟ್ಟು ಮಾರಾಟ 40 ಲಕ್ಷ ದಾಟಿದೆಯಾ ಅಂತ ನೋಡಬೇಕು. ದಾಟಿದ್ದರೆ ನೋಂದಣಿ, ತೆರಿಗೆ ಮಾತ್ರ ಆ ಒಣಮೆಣಸಿನಕಾಯಿಗಷ್ಟೇ.

ಸಂತೆ ರಾಣೆಬೆನ್ನೂರು

ಅಯ್ಯೋ, ಬ್ಯಾಡಗಿ ಪಕ್ಕದಲ್ಲೇ ಇದ್ದು ಒಣಮೆಣಸಿನಕಾಯಿ ಇಡಬೇಡಿ ಅಂದರೆ ಹೇಗೆ! ನಮ್ಮದು 40 ಲಕ್ಷ ಎಲ್ಲ ಆಗಲ್ಲ ಬಿಡಿ. ಆದರೆ ನಮ್ಮ ಕಡೆ ದೊಡ್ಡ ಅಂಗಡಿ ಇಟ್ಟವರಿದ್ದಾರೆ, ಅವರಿಗೆ ಇವತ್ತೇ ಹೇಳುತ್ತೇನೆ.

ನಗದು ಮಾತ್ರ

ಇಷ್ಟೆಲ್ಲ ತಲೆನೋವು ಯಾಕೆ? ಯುಪಿಐ ತೆಗೆದುಬಿಡಿ. ನಗದಿನಲ್ಲಿ ವ್ಯಾಪಾರ ಮಾಡಿದರೆ ಯಾರ ಲೆಕ್ಕಕ್ಕೂ ಸಿಗಲ್ಲ. ನಮ್ಮ ಅಪ್ಪ, ಅಜ್ಜ ಎಲ್ಲ ಹಾಗೇ ಮಾಡಿದ್ದು. ಯುಪಿಐ ತಗೊಳ್ಳಿ ತಗೊಳ್ಳಿ ಅಂತ ಮನೆಮನೆಗೆ ಬಂದು ಸ್ಟಿಕರ್ ಅಂಟಿಸಿದರು. ನಂಬಿ ತಗೊಂಡವರಿಗೇ ನೋಟಿಸ್ ಕಳಿಸಿದರು. ಇದು ಮೋಸ ಅಲ್ವಾ?

ಲೆಕ್ಕದ ಮೇಷ್ಟ್ರು, ದಾವಣಗೆರೆ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಯುಪಿಐ ತಗೊಳ್ಳುವಾಗ ಜಿಎಸ್‌ಟಿ ಮಿತಿ ಬಗ್ಗೆ ಒಂದು ಮಾತೂ ಯಾರೂ ಹೇಳಲಿಲ್ಲ. ನಾಲ್ಕು ವರ್ಷ ಸುಮ್ಮನಿದ್ದು, 2021-22ರಿಂದ ಲೆಕ್ಕ ತೆಗೆದು ಒಟ್ಟಿಗೆ ನೋಟಿಸ್ ಕಳಿಸಿದ್ದು ಸರಿಯಲ್ಲ. ಮೊದಲ ವರ್ಷವೇ ಒಂದು ಎಚ್ಚರಿಕೆ ಪತ್ರ ಬಂದಿದ್ದರೆ ಎಷ್ಟೋ ಜನ ಆಗಲೇ ನೋಂದಣಿ ಮಾಡಿಸಿರುತ್ತಿದ್ದರು.

ಆದರೆ ಯುಪಿಐ ತೆಗೆಯುವುದು ಪರಿಹಾರ ಅಲ್ಲ. ಜಿಎಸ್‌ಟಿ ಬಂದಿರುವುದು ಮಾರಾಟದ ಮೇಲೆ, ದುಡ್ಡು ಬಂದ ದಾರಿಯ ಮೇಲಲ್ಲ. ನಗದೂ ವಹಿವಾಟೇ. ಹಾಲಿನ ಖರೀದಿ ಬಿಲ್, ಕಂಪನಿ ಡೀಲರ್‌ಗಳ ಬಿಲ್, ಬ್ಯಾಂಕಿಗೆ ಕಟ್ಟಿದ ನಗದು, ಇವೆಲ್ಲ ಎಲ್ಲೋ ಒಂದು ಕಡೆ ದಾಖಲಾಗಿರುತ್ತವೆ. ಹೆಂಡತಿ ಹೆಸರಿನ, ಮಗನ ಹೆಸರಿನ ಕ್ಯೂಆರ್ ಇಡುವುದೂ ಬೇಡ. ಅಂಗಡಿ ಒಂದೇ, ದುಡ್ಡು ಮೂರು ಖಾತೆಗೆ ಹೋದರೆ ನಾಳೆ ಮೂರೂ ಜನ ಉತ್ತರ ಕೊಡಬೇಕು.

ಇನ್ನೊಂದು ಲಾಭ ನೀವು ಕಳೆದುಕೊಳ್ಳುತ್ತೀರಿ. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಪದ್ಧತಿ ಇದೆ. ಬ್ಯಾಂಕ್, ಯುಪಿಐ ಮೂಲಕ ಬಂದ ಮಾರಾಟಕ್ಕೆ 6% ಲಾಭ ತೋರಿಸಿದರೆ ಸಾಕು. ನಗದಿಗೆ 8%. ತುಮಕೂರಿನವರ 58 ಲಕ್ಷವೂ ಯುಪಿಐನಲ್ಲಿ ಬಂದರೆ ತೋರಿಸಬೇಕಾದ ಕನಿಷ್ಠ ಲಾಭ 3.48 ಲಕ್ಷ. ಪೂರ್ತಿ ನಗದಾದರೆ 4.64 ಲಕ್ಷ.

ಹಾಗೇ, 2,000 ರೂಪಾಯಿ ಮೇಲೆ ಯುಪಿಐ ಮಾಡಿದರೆ ಜಿಎಸ್‌ಟಿ ಬೀಳುತ್ತೆ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಸುದ್ದಿ ಸುಳ್ಳು. ಕೇಂದ್ರ ಹಣಕಾಸು ಸಚಿವಾಲಯವೇ 2025ರ ಏಪ್ರಿಲ್‌ನಲ್ಲಿ ಅದನ್ನು ಅಲ್ಲಗಳೆದಿದೆ.

ಬೇಕರಿ ರಾಜಾಜಿನಗರ

ನೋಟಿಸ್ ಬಂದವರಿಗೆ ನನ್ನ ಅನುಭವದ ಒಂದು ಮಾತು. ನನ್ನ ಖಾತೆಗೆ ಬಂದ ದುಡ್ಡೆಲ್ಲ ಮಾರಾಟ ಅಂತಲೇ ಲೆಕ್ಕ ಹಾಕಿದ್ದರು. ಅದರಲ್ಲಿ ಚೀಟಿ ದುಡ್ಡು ಇತ್ತು, ಭಾವ ಕೊಟ್ಟ ಕೈಸಾಲ ಇತ್ತು, ಊರಿಂದ ಕಾಫಿ ಮಾರಿದ ದುಡ್ಡು ಇತ್ತು. ಜೊತೆಗೆ ದಿನಾ ಯಾರಾದರೂ ಬಂದು "ಅಣ್ಣ, ಐನೂರು ಕ್ಯಾಶ್ ಕೊಡಿ, ಫೋನ್‌ಪೇ ಮಾಡ್ತೀನಿ" ಅಂತಾರಲ್ಲ, ಅದೂ! ಅದು ವ್ಯಾಪಾರವೇ ಅಲ್ಲ. ಆದರೆ ಖಾತೆಯಲ್ಲಿ ಹಾಗೆ ಕಾಣಲ್ಲ.

ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ, ಪುಟ ಪುಟ ಕೂತು, ಮಾರಾಟ ಅಲ್ಲದ್ದನ್ನೆಲ್ಲ ಬಣ್ಣದ ಪೆನ್ನಲ್ಲಿ ಗುರುತು ಮಾಡಿದೆ. ಚೀಟಿ ಪುಸ್ತಕದ ಜೆರಾಕ್ಸ್ ಲಗತ್ತಿಸಿದೆ. ಈಗ ಮನೆ ವ್ಯವಹಾರಕ್ಕೆ ಬೇರೆ ಖಾತೆ, ಅಂಗಡಿಗೆ ಬೇರೆ. ಕ್ಯಾಶ್ ಬದಲಿ ಕೊಡುವುದನ್ನು ನಿಲ್ಲಿಸಿದ್ದೇನೆ. ಪರಿಚಯದವರಿಗೆ ಕೊಡಲೇಬೇಕಾದರೆ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆಯುತ್ತೇನೆ.

ತುಮಕೂರು ಅಂಗಡಿ

ಮೇಷ್ಟ್ರೇ, ಬೇಕರಿ ಅಣ್ಣ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಲು ಸೇರುತ್ತೆ ಅಂದಾಗ ಅಪ್ಪ ಅರ್ಧ ಗಂಟೆ ನನ್ನ ಜೊತೆ ಜಗಳ ಆಡಿದರು. ಹಾಲಿನಲ್ಲಿ ಸಿಗುವ ಕಮಿಷನ್ ಎಷ್ಟು ಅಂತ ನಿಮಗೆ ಗೊತ್ತಿದೆ. 30 ಲಕ್ಷ ಅಂದ ತಕ್ಷಣ ನಾವೇನೋ ದೊಡ್ಡ ವ್ಯಾಪಾರಿ ಅನ್ನಿಸುತ್ತೆ. ಕೈಗೆ ಉಳಿಯುವುದು ಬಹಳ ಕಮ್ಮಿ.

ಸರಿ, ನೋಂದಣಿ ಮಾಡಿಸುತ್ತೇವೆ ಅಂದುಕೊಳ್ಳಿ. ಕಾಂಪೋಸಿಷನ್ (ಸಣ್ಣ ವ್ಯಾಪಾರಿಗಳು ಮಾರಾಟದ ಮೇಲೆ ಇಷ್ಟು ಪರ್ಸೆಂಟ್ ಅಂತ ಕಟ್ಟುವ ಸರಳ ಪದ್ಧತಿ) ತಗೊಂಡರೆ 1% ಅಂತಾರೆ. 58 ಲಕ್ಷಕ್ಕೆ 58,000 ಕಟ್ಟಬೇಕಾ?

ಲೆಕ್ಕದ ಮೇಷ್ಟ್ರು, ದಾವಣಗೆರೆ

ಇಲ್ಲ. ಮಾಲು ತಂದು ಮಾರುವವರಿಗೆ ಆ 1% ತೆರಿಗೆ ಇರುವ ಮಾಲಿನ ಮಾರಾಟದ ಮೇಲೆ ಮಾತ್ರ. ಹಾಲಿನ 30 ಲಕ್ಷ ಇಲ್ಲಿ ಹೊರಗೆ ಹೋಗುತ್ತದೆ. ಉಳಿದ 28 ಲಕ್ಷಕ್ಕೆ 28,000. ಮೂರು ತಿಂಗಳಿಗೆ 7,000. ಅಪ್ಪನಿಗೆ ಇದನ್ನು ಹೇಳಿ. ಮಿತಿ ನೋಡುವಾಗ ಹಾಲು ಸೇರುತ್ತದೆ, ತೆರಿಗೆ ಕಟ್ಟುವಾಗ ಸೇರುವುದಿಲ್ಲ. ಹಿಂದಿನ ವರ್ಷದ ವಹಿವಾಟು ಒಂದೂವರೆ ಕೋಟಿ ಒಳಗಿದ್ದರೆ ಸಾಮಾನ್ಯವಾಗಿ ಈ ಕಾಂಪೋಸಿಷನ್‌ಗೆ ಹೋಗಬಹುದು.

ಆದರೆ ಕಣ್ಣುಮುಚ್ಚಿ ಕಾಂಪೋಸಿಷನ್ ತಗೊಳ್ಳಿ ಅಂತ ನಾನು ಈಗ ಹೇಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದರ ಬದಲಾಗಿದೆ. ಬಿಸ್ಕತ್ತು, ಚಾಕೊಲೇಟ್, ಕೇಕ್, ಐಸ್‌ಕ್ರೀಮ್ ಎಲ್ಲ 18ರಿಂದ 5%ಗೆ ಇಳಿದವು. ತುಪ್ಪ, ಬೆಣ್ಣೆ 12ರಿಂದ 5ಕ್ಕೆ. ಕೂಲ್ ಡ್ರಿಂಕ್ಸ್‌ಗೆ 40%. ಇದರಿಂದ ಲೆಕ್ಕವೇ ಬೇರೆ ಆಗಿದೆ.

ಬಿಸ್ಕತ್ತು ನೋಡಿ. ಡೀಲರ್ ಬೆಲೆ 90, ತೆರಿಗೆ 4.50, ನೀವು ಕೊಡುವುದು 94.50. ಮಾರುವುದು ತೆರಿಗೆ ಸೇರಿ 105ಕ್ಕೆ. ರೆಗ್ಯುಲರ್, ಅಂದರೆ ಕಾಂಪೋಸಿಷನ್ ಅಲ್ಲದ ಮಾಮೂಲಿ ನೋಂದಣಿಯಲ್ಲಿ ನಿಮ್ಮ ತೆರಿಗೆ 5 ರೂಪಾಯಿ, ಖರೀದಿಯಲ್ಲಿ ಕಟ್ಟಿದ 4.50 ಕಳೆದು ಕಟ್ಟುವುದು ಬರೀ 50 ಪೈಸೆ. ಕೈಗೆ 10 ರೂಪಾಯಿ ಉಳಿಯುತ್ತದೆ. ಕಾಂಪೋಸಿಷನ್‌ನಲ್ಲಿ 105ಕ್ಕೆ 1% ಅಂದರೆ 1.05. ಖರೀದಿ ತೆರಿಗೆ ವಾಪಸ್ ಇಲ್ಲ. ಉಳಿಯುವುದು 9.45.

ಈಗ ಕೂಲ್ ಡ್ರಿಂಕ್ಸ್. 90ಕ್ಕೆ 36 ತೆರಿಗೆ ಸೇರಿ 126ಕ್ಕೆ ತಂದು 140ಕ್ಕೆ ಮಾರುತ್ತೀರಿ. ರೆಗ್ಯುಲರ್‌ನಲ್ಲಿ ಉಳಿಯುವುದು ಅದೇ 10. ಕಾಂಪೋಸಿಷನ್‌ನಲ್ಲಿ 14ರಲ್ಲಿ 1.40 ಹೋಗಿ 12.60.

ಅಂದರೆ ಅಂಗಡಿಯಲ್ಲಿ 5% ಮಾಲು ಜಾಸ್ತಿ ಇದ್ದರೆ ರೆಗ್ಯುಲರ್ ಸ್ವಲ್ಪ ಮೇಲು. 18, 40% ಮಾಲು ಜಾಸ್ತಿ ಇದ್ದರೆ ಕಾಂಪೋಸಿಷನ್ ಮೇಲು. ಆದರೆ ರೆಗ್ಯುಲರ್‌ಗೆ ಪ್ರತಿ ಖರೀದಿ ಬಿಲ್ಲಿನಲ್ಲೂ ನಿಮ್ಮ ಜಿಎಸ್‌ಟಿ ನಂಬರ್ ಇರಬೇಕು, ಡೀಲರ್ ಅದನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿರಬೇಕು, ಯಾವ ದರದ ಮಾಲು ಎಷ್ಟು ಮಾರಿದಿರಿ ಅಂತ ಬೇರೆ ಬೇರೆ ಲೆಕ್ಕ ಇರಬೇಕು. ಇಬ್ಬರೇ ನಡೆಸುವ ಅಂಗಡಿಗೆ ಅದು ದೊಡ್ಡ ಕೆಲಸ. ಲೆಕ್ಕ ಬರೆಯುವವರಿಗೆ ಕೊಡುವ ಫೀಸೂ ಜಾಸ್ತಿ. ನಿಮಗೆ ನನ್ನ ಸಲಹೆ ಕಾಂಪೋಸಿಷನ್ನೇ.

ಉಪ್ಪಿನಕಾಯಿ ಶಿರಸಿ

ನಾನು ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವಳು. ವರ್ಷಕ್ಕೆ ಆರೇಳು ಲಕ್ಷ ಆದರೆ ಹೆಚ್ಚು. ಮುಂಬೈ, ಪುಣೆಯಲ್ಲಿರುವ ನಮ್ಮ ಕಡೆಯವರು ಕೊರಿಯರ್‌ನಲ್ಲಿ ತರಿಸಿಕೊಳ್ಳುತ್ತಾರೆ. 40 ಲಕ್ಷದ ಹತ್ತಿರವೂ ಇಲ್ಲ, ನನಗೆ ಇದೆಲ್ಲ ಬೇಡ ಅಲ್ವಾ ಸರ್?

ಲೆಕ್ಕದ ಮೇಷ್ಟ್ರು, ದಾವಣಗೆರೆ

ಅಕ್ಕ, ಹೇಳಲು ಬೇಜಾರಾಗುತ್ತದೆ. ತೆರಿಗೆ ಇರುವ ಮಾಲನ್ನು ಬೇರೆ ರಾಜ್ಯಕ್ಕೆ ಮಾರಿದರೆ 40 ಲಕ್ಷದ ಮಿತಿ ಅನ್ವಯಿಸುವುದೇ ಇಲ್ಲ. ಮೊದಲ ಡಬ್ಬಿಯಿಂದಲೇ ನೋಂದಣಿ ಬೇಕು. ಕಾಂಪೋಸಿಷನ್ ಕೂಡ ಸಿಗುವುದಿಲ್ಲ, ರೆಗ್ಯುಲರ್ರೇ ಆಗಬೇಕು. ಹಪ್ಪಳಕ್ಕೆ ತೆರಿಗೆ ಇಲ್ಲ, ಅದನ್ನು ಎಲ್ಲಿಗೆ ಬೇಕಾದರೂ ಕಳಿಸಿ. ಉಪ್ಪಿನಕಾಯಿಗೆ ಮೊದಲು 12% ಇತ್ತು, ಈಗ 5%. ಕರ್ನಾಟಕದ ಒಳಗೆ ಮಾತ್ರ ಮಾರಿದರೆ ನಿಮಗೆ ಏನೂ ಬೇಡ.

ಉಪ್ಪಿನಕಾಯಿ ಶಿರಸಿ

ಇದು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ಸ್ವಸಹಾಯ ಸಂಘದ ತರಬೇತಿಯಲ್ಲಿ ಆನ್‌ಲೈನ್‌ನಲ್ಲಿ ಮಾರಿ, ದೇಶವೆಲ್ಲ ಮಾರ್ಕೆಟ್ ಮಾಡಿ ಅಂತಾರೆ. ಇದನ್ನು ಮಾತ್ರ ಹೇಳುವುದಿಲ್ಲ. ನಮ್ಮ ಸಂಘದಲ್ಲಿ ಹೀಗೆ ಕಳಿಸುವ ಹೆಂಗಸರು ತುಂಬಾ ಜನ ಇದ್ದಾರೆ. ಮುಂದಿನ ಸಭೆಯಲ್ಲಿ ಇದನ್ನೇ ಮೊದಲು ತೆಗೆಯುತ್ತೇನೆ. ಒಬ್ಬೊಬ್ಬರೇ ಮಾಡಿಸುವ ಬದಲು ಸಂಘದ ಹೆಸರಲ್ಲೇ ಒಂದು ನೋಂದಣಿ ಮಾಡಿಸಿ ಹೊರರಾಜ್ಯದ ಆರ್ಡರ್ ಎಲ್ಲ ಅದರಲ್ಲೇ ಕಳಿಸಬಹುದಾ ಅಂತ ನೋಡಬೇಕು.

ಬೇಕರಿ ರಾಜಾಜಿನಗರ

ಒಳ್ಳೆ ಯೋಚನೆ ಅಕ್ಕ. ಮೇಷ್ಟ್ರೇ, ನನ್ನದೂ ಒಂದು ಪ್ರಶ್ನೆ. ಬೇಕರಿ ಮುಂದೆ ಟೀ, ಕಾಫಿಯೂ ಕೊಡುತ್ತೇವೆ. ಟೀಗೆ ಬೇರೆ ಮಿತಿ ಅಂತ ಯಾರೋ ಅಂದರು.

ಲೆಕ್ಕದ ಮೇಷ್ಟ್ರು, ದಾವಣಗೆರೆ

ಹೌದು. ಟೀ ಮಾಡಿ ಕೊಡುವುದನ್ನು ಕಾಯ್ದೆ ಹೋಟೆಲ್ ಸೇವೆ ಅಂತ ನೋಡುತ್ತದೆ. ಸೇವೆಗೆ ಮಿತಿ 20 ಲಕ್ಷ. 40 ಲಕ್ಷದ ಅನುಕೂಲ ಬರೀ ಮಾಲು ಮಾರುವವರಿಗೆ. ಎರಡೂ ಇದ್ದರೆ 20 ಲಕ್ಷವೇ ಗೆರೆ. ಕಾಂಡಿಮೆಂಟ್ಸ್ ಅಂಗಡಿಯವರು ಎಡವುವುದು ಹೆಚ್ಚಾಗಿ ಇಲ್ಲೇ.

ಹೋಟೆಲಿನವರಿಗೆ ಕಾಂಪೋಸಿಷನ್‌ನಲ್ಲಿ 5%, ರೆಗ್ಯುಲರ್‌ನಲ್ಲೂ ಸಾಮಾನ್ಯ ಹೋಟೆಲಿಗೆ 5%. ವ್ಯತ್ಯಾಸ ಏನೆಂದರೆ ಕಾಂಪೋಸಿಷನ್‌ನವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ತಮ್ಮ ಕೈಯಿಂದ ಕಟ್ಟಬೇಕು. ರೆಗ್ಯುಲರ್‌ನವರು ಬಿಲ್ಲಿನಲ್ಲಿ ಹಾಕಬಹುದು. ನಿಮ್ಮದು ಬೇಕರಿ ಐಟಂ ತಯಾರಿಕೆ, ಮಾರಾಟ, ಟೀ ಮೂರೂ ಸೇರಿದ ವ್ಯಾಪಾರ. ಬಿಲ್ ಪುಸ್ತಕ ಎದುರಿಗಿಟ್ಟುಕೊಂಡು ಸಿಎ ಜೊತೆ ಕೂತು ತೀರ್ಮಾನ ಮಾಡಿ.

ನಗದು ಮಾತ್ರ

ನಾನು ಮೊದಲು ಬರೆದದ್ದರಲ್ಲಿ ಸಿಟ್ಟು ಇತ್ತು. ಆ ಸಿಟ್ಟು ಈಗಲೂ ಇದೆ. ಮಿತಿಯನ್ನು ವಹಿವಾಟಿನ ಮೇಲೆ ಇಟ್ಟರೆ ಹಾಲು, ಸಿಗರೇಟು ಮಾರುವವನಿಗೆ ಅನ್ಯಾಯ. ಇಪ್ಪತ್ತು ಪರ್ಸೆಂಟ್ ಮಾರ್ಜಿನ್ ಇರುವ ಫ್ಯಾನ್ಸಿ ಸ್ಟೋರ್‌ಗೂ 40 ಲಕ್ಷ, ನಮಗೂ 40 ಲಕ್ಷ. ಇದನ್ನು ಯಾರಾದರೂ ಜಿಎಸ್‌ಟಿ ಕೌನ್ಸಿಲ್ ಮುಂದೆ ಇಡಬೇಕು.

ಲೆಕ್ಕದ ಮೇಷ್ಟ್ರು, ದಾವಣಗೆರೆ

ಈ ಮಾತಿಗೆ ನನ್ನ ಪೂರ್ತಿ ಬೆಂಬಲ ಇದೆ. ಮಿತಿ 2019ರ ಏಪ್ರಿಲ್‌ನಿಂದ 40 ಲಕ್ಷದಲ್ಲೇ ನಿಂತಿದೆ. ಆಮೇಲೆ ಹಾಲಿನ ದರ ಎಷ್ಟು ಸಲ ಏರಿತು ನೋಡಿ. ಅಷ್ಟೇ ಲೀಟರ್ ಮಾರಿದವನೂ ದರ ಏರಿದ್ದರಿಂದಲೇ ಗೆರೆ ದಾಟಿದ್ದಾನೆ. ಮಿತಿ ಎಣಿಸುವಾಗ ತೆರಿಗೆ ಇಲ್ಲದ ಮಾಲನ್ನು ಬಿಡಬೇಕು ಅನ್ನುವುದು ನ್ಯಾಯವಾದ ಬೇಡಿಕೆ. ವರ್ತಕರ ಸಂಘಗಳು ಕೇಳಬೇಕಾದದ್ದು ಇದನ್ನೇ. ಬಾಕಿ ಮನ್ನಾ ಒಂದು ಸಲ ಸಿಗಬಹುದು, ಕಾಯ್ದೆ ಬದಲಾಗದಿದ್ದರೆ ಸಮಸ್ಯೆ ಮತ್ತೆ ಬರುತ್ತದೆ. ಆದರೆ ಬದಲಾಗುವವರೆಗೆ ಈಗಿರುವ ಕಾಯ್ದೆ ನಮ್ಮ ಮೇಲಿದೆ. ನೋಂದಣಿ ಮಾಡಿಸದೆ ಸಿಕ್ಕಿಬಿದ್ದರೆ ಆ ಹಿಂದಿನ ಅವಧಿಗೆ 1% ಸಿಗುವುದಿಲ್ಲ. ಪೂರ್ತಿ ದರ, 18% ಬಡ್ಡಿ, ಮೇಲೆ ದಂಡ.

ತುಮಕೂರು ಅಂಗಡಿ

7,000 ಅಂದಾಗ ಅಪ್ಪ ಒಪ್ಪಿದರು. ಯುಪಿಐ ಇಲ್ಲದೆ ಕಳೆದುಕೊಳ್ಳುತ್ತಿರುವ ವ್ಯಾಪಾರ ಅದಕ್ಕಿಂತ ಜಾಸ್ತಿ ಅಂತ ಅವರೇ ಹೇಳಿದರು. ಏನೇನು ಬೇಕು, ಎಷ್ಟು ದಿನ ಆಗುತ್ತೆ, ಆಮೇಲೆ ಏನು ಮಾಡಬೇಕು? ಇದೊಂದು ಹೇಳಿಬಿಡಿ ಮೇಷ್ಟ್ರೇ.

ಲೆಕ್ಕದ ಮೇಷ್ಟ್ರು, ದಾವಣಗೆರೆ

ಅಪ್ಪನ ಪ್ಯಾನ್, ಆಧಾರ್, ಫೋಟೋ, ಅಂಗಡಿಯ ಬಾಡಿಗೆ ಕರಾರು, ಕರೆಂಟ್ ಬಿಲ್, ಬ್ಯಾಂಕ್ ಖಾತೆ ವಿವರ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಒಟಿಪಿ ಬರುತ್ತದೆ. ಅರ್ಜಿಗೆ ಸರ್ಕಾರಿ ಶುಲ್ಕ ಒಂದು ರೂಪಾಯಿಯೂ ಇಲ್ಲ. ಯಾರಾದರೂ 'ಗವರ್ನಮೆಂಟ್ ಫೀಸ್' ಅಂತ ಕೇಳಿದರೆ ಕೊಡಬೇಡಿ. 2025ರ ನವೆಂಬರ್ 1ರಿಂದ ಸಣ್ಣ ವ್ಯಾಪಾರಿಗಳಿಗೆ ಮೂರು ಕೆಲಸದ ದಿನದಲ್ಲಿ ನೋಂದಣಿ ಕೊಡುವ ಸರಳ ವ್ಯವಸ್ಥೆಯೂ ಬಂದಿದೆ. ಅರ್ಜಿ ತುಂಬುವಾಗಲೇ ಕಾಂಪೋಸಿಷನ್ ಅಂತ ಟಿಕ್ ಮಾಡಿ. ಮರೆತರೆ ಮುಂದಿನ ಹಣಕಾಸು ವರ್ಷದವರೆಗೆ ಕಾಯಬೇಕಾಗುತ್ತದೆ.

ಆಮೇಲೆ ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಅನ್ನುವ ಫಾರಂ ತುಂಬಿ ದುಡ್ಡು ಕಟ್ಟಬೇಕು. ಜುಲೈ, ಅಕ್ಟೋಬರ್, ಜನವರಿ, ಏಪ್ರಿಲ್ ತಿಂಗಳ 18ರ ಒಳಗೆ. ವರ್ಷಕ್ಕೊಮ್ಮೆ ಜಿಎಸ್‌ಟಿಆರ್-4 ಅನ್ನುವ ರಿಟರ್ನ್, ಜೂನ್ 30ರ ಒಳಗೆ. ಬಿಲ್ ಕೊಟ್ಟರೆ ಅದರಲ್ಲಿ ತೆರಿಗೆ ತೋರಿಸುವಂತಿಲ್ಲ. ಅಂಗಡಿ ಬೋರ್ಡಿನ ಮೇಲೆ 'ಕಾಂಪೋಸಿಷನ್ ತೆರಿಗೆದಾರ' ಅಂತ ಕಾಣುವಂತೆ ಬರೆಸಿ, ನೋಂದಣಿ ಪತ್ರವನ್ನೂ ಒಳಗೆ ತೂಗುಹಾಕಿ.

ಹಾಲಿನ ಖರೀದಿ ಬಿಲ್ ಒಂದನ್ನೂ ಎಸೆಯಬೇಡಿ. 58 ಲಕ್ಷದಲ್ಲಿ 30 ಲಕ್ಷ ಹಾಲು ಅಂತ ತೋರಿಸಲು ನಿಮ್ಮ ಹತ್ತಿರ ಇರುವ ಪುರಾವೆ ಅದೊಂದೇ.

ತುಮಕೂರು ಅಂಗಡಿ

ಬಿಲ್ ಎಲ್ಲ ಒಂದು ಕಬ್ಬಿಣದ ಕಡ್ಡಿಗೆ ಚುಚ್ಚಿಟ್ಟಿದ್ದೇವೆ, 2023ರಿಂದ ಇದೆ. ಸೋಮವಾರ ಅರ್ಜಿ ಹಾಕುತ್ತೇವೆ. ನಂಬರ್ ಬಂದ ತಕ್ಷಣ ಇಲ್ಲಿ ತಿಳಿಸುತ್ತೇನೆ, ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅದನ್ನೂ.